ಗೆಜ್ಜೆ ಕಟ್ಟುವ ಮುನ್ನ

ಮುಂಗಾರಿನ ಬೆಳೆ ಕೈಸೇರಿ, ಹಿಂಗಾರಿ ಜೋಳದ ಬಿತ್ತನೆಗೆ ಹೊಲಗಳು ಅಣಿಯಾಗುವ ಹೊತ್ತಿಗೆ ನಮ್ಮ ನಾಡಿನ ಶಾಲೆಗಳಲ್ಲಿ ಇನ್ನೊಂದು ಬಗೆಯ ಸಿದ್ಧತೆ ಮೊದಲಾಗುತ್ತದೆ. ಪ್ರತಿಭಾ ಕಾರಂಜಿಯ ಸೂಚನೆಯನ್ನು ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ವೇಳೆಯಲ್ಲಿ ಓದಿ ಹೇಳುತ್ತಾರೆ. ಭಾಷಣ, ಚಿತ್ರಕಲೆ, ಭಾವಗೀತೆ, ಭರತನಾಟ್ಯ, ಜನಪದ ನೃತ್ಯ ಹೀಗೆ ಹಲವು ವಿಭಾಗಗಳಲ್ಲಿ ಯಾರು ಯಾರು ಹೆಸರು ಕೊಡುವಿರೆಂದು ಕೇಳುತ್ತಾರೆ. ಈ ಶತಮಾನದ ಆರಂಭದ ವರ್ಷಗಳಿಂದ ನಡೆದು ಬಂದಿರುವ ಈ ಸ್ಪರ್ಧೆಯಲ್ಲಿ ಕ್ಲಸ್ಟರ್ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೂ, ಅಲ್ಲಿಂದ ಜಿಲ್ಲೆಗೂ, ಕೊನೆಗೆ ರಾಜ್ಯಮಟ್ಟಕ್ಕೂ ಏರಬಹುದು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗಾಗಿ ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕಲಾ ಉತ್ಸವವೂ ಇದೆ. ಬಾಗಿಲುಗಳು ತೆರೆದಿವೆ. ಅವುಗಳ ಒಳಗೆ ಹೋಗಬೇಕೇ, ಹೋಗುವುದಾದರೆ ಹೇಗೆ ಹೋಗಬೇಕು ಎಂಬುದನ್ನು ಮಾತ್ರ ನಾವೇ ನಿಶ್ಚಯಿಸಬೇಕು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಅವಸರದ ಉತ್ತರಗಳು ಬರುತ್ತವೆ. ಗೆಳತಿ ಹೆಸರು ಕೊಟ್ಟಳೆಂದು ತಾನೂ ಕೊಡುವುದು ಒಂದು. ನಾಲ್ಕು ಜನರೆದುರು ನಿಲ್ಲಬೇಕಲ್ಲ ಎಂಬ ಅಂಜಿಕೆಯಿಂದ ತಲೆ ತಗ್ಗಿಸಿ ಕುಳಿತುಬಿಡುವುದು ಮತ್ತೊಂದು. ಎರಡರಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ನೃತ್ಯವನ್ನು ಪ್ರೀತಿಯಿಂದ ಕಲಿಯುತ್ತಿದ್ದ ಮಗು ಒಂದು ಸ್ಪರ್ಧೆಯಲ್ಲಿ ಸೋತ ಮಾತ್ರಕ್ಕೆ ಗೆಜ್ಜೆಯನ್ನು ಗೂಟಕ್ಕೆ ತೂಗುಹಾಕಿದ ಪ್ರಸಂಗಗಳುಂಟು. ಅಂಜಿಕೊಂಡು ಹಿಂದೆ ಸರಿದು, ತನ್ನಲ್ಲಿದ್ದ ಶಕ್ತಿಯನ್ನು ತಾನೇ ತಿಳಿಯದೆ ಉಳಿದವರೂ ಉಂಟು. ಇಲ್ಲಿ ಪಣಕ್ಕೆ ಒಡ್ಡಿರುವುದು ಪ್ರಶಸ್ತಿಪತ್ರವಲ್ಲ, ಮಗುವಿಗೂ ಕಲೆಗೂ ಇರುವ ಸಂಬಂಧ. ಆದುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳಿತು.

ನೃತ್ಯವೆಂಬುದು ದೊಡ್ಡ ಪಟ್ಟಣದವರ ಸೊತ್ತು, ನಮ್ಮ ಬಯಲುಸೀಮೆಗೆ ಸೇರಿದುದಲ್ಲ ಎಂಬ ಭಾವನೆ ಕೆಲವರಲ್ಲಿದೆ. ಅದನ್ನು ಮೊದಲು ದೂರಮಾಡಬೇಕು. ತಿಕೋಟಾದಿಂದ ವಿಜಯಪುರಕ್ಕೆ ಬರುವವರು ತೊರವಿಯ ಬಳಿ ಹಾದು ಬರುತ್ತಾರೆ. ತೊರವೆ ರಾಮಾಯಣವು ರಚನೆಗೊಂಡ ಸ್ಥಳವದು. ಅದರ ಸಮೀಪದಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. 1580ರಿಂದ 1627ರವರೆಗೆ ಆಳಿದ ಈ ದೊರೆಗೆ ಸಂಗೀತವೆಂದರೆ ಪ್ರಾಣ. ದಖ್ಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಗ್ರಂಥವು ಸರಸ್ವತಿಯ ಸ್ತುತಿಯಿಂದ ಮೊದಲಾಗುತ್ತದೆ. ಶೃಂಗಾರ, ಹಾಸ್ಯ, ಕರುಣ, ವೀರ ಮೊದಲಾದ ಒಂಬತ್ತು ರಸಗಳ ಹೆಸರನ್ನೇ ತನ್ನ ಗ್ರಂಥಕ್ಕೂ ನಗರಕ್ಕೂ ಇಟ್ಟ ಅರಸನು ಬದುಕಿದ್ದ ನೆಲವಿದು. ಅಲ್ಲಿಯ ಸಂಗೀತ ಮಹಲಿನ ಅವಶೇಷಗಳು ಇಂದಿಗೂ ನಿಂತಿವೆ. ಇನ್ನು ಹಳ್ಳಿಗಳಿಗೆ ಬಂದರೆ, ಶ್ರೀಕೃಷ್ಣ ಪಾರಿಜಾತದಂಥ ಬಯಲಾಟ, ಹೆಜ್ಜೆಮೇಳ, ಕೋಲಾಟ, ತಾಂಡಾಗಳ ಲಂಬಾಣಿ ಕುಣಿತ ಇವೆಲ್ಲ ನಮ್ಮ ಜನರ ಮೈಯಲ್ಲಿಯೇ ಇವೆ. ತಾಳಕ್ಕೆ ಹೆಜ್ಜೆ ಹಾಕುವುದು ಇಲ್ಲಿ ಹೊಸ ವಿದ್ಯೆಯಲ್ಲ.

ಸ್ಪರ್ಧೆಯೂ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು, ಎಂದರೆ ರಂಗದ ಮೇಲಿನ ಯಶಸ್ಸನ್ನು ಕುರಿತದ್ದು. ನಟರ ನಡುವೆ ಹಣಕ್ಕಾಗಿಯೋ ಪತಾಕೆಗಾಗಿಯೋ ಸ್ಪರ್ಧೆ ಏರ್ಪಟ್ಟಾಗ ಯಾರು ತೀರ್ಪು ಕೊಡಬೇಕೆಂಬುದನ್ನು ಅದು ಹೇಳುತ್ತದೆ. ಆ ತೀರ್ಪುಗಾರರಿಗೆ ಪ್ರಾಶ್ನಿಕರೆಂದು ಹೆಸರು. ಅವರು ಹತ್ತು ಬಗೆಯವರು. ಅವರಲ್ಲಿ ನರ್ತಕನೂ ಗಾಯಕನೂ ಇರುವುದು ಸಹಜವೇ. ಆದರೆ ವ್ಯಾಕರಣ ಬಲ್ಲವನು, ಛಂದಸ್ಸು ಬಲ್ಲವನು, ಚಿತ್ರಕಾರ, ಬಿಲ್ಲುವಿದ್ಯೆ ಬಲ್ಲವನು ಇವರೂ ಇದ್ದಾರೆ. ಬಿಲ್ಲುಗಾರನಿಗೆ ನೃತ್ಯಸಭೆಯಲ್ಲಿ ಏನು ಕೆಲಸವೆಂದು ಕೇಳಬಹುದು. ಬಾಣ ಬಿಡುವವನು ಮೊದಲು ಸರಿಯಾಗಿ ನಿಲ್ಲಲು ಕಲಿತಿರುತ್ತಾನೆ. ಆದುದರಿಂದ ಮೈಯ ನಿಲುವಿನ ಸೊಗಸನ್ನು ಅಳೆಯಬಲ್ಲವನು ಅವನೇ. ಕಲೆಯನ್ನು ಒಂದೇ ಕಣ್ಣಿನಿಂದ ನೋಡಲಾಗದು, ಪ್ರತಿಯೊಂದು ಅಂಗಕ್ಕೂ ಅದನ್ನು ಬಲ್ಲವನ ಕಣ್ಣು ಬೇಕು ಎಂಬ ಅರಿವು ನಮ್ಮ ಹಿರಿಯರಿಗೆ ಅಷ್ಟು ಹಿಂದೆಯೇ ಇತ್ತು.

ಪಶ್ಚಿಮ ದೇಶಗಳ ಬ್ಯಾಲೆ ನೃತ್ಯದ ಕಡೆಗೂ ಒಮ್ಮೆ ನೋಡೋಣ. ಇಟಲಿಯ ಅರಮನೆಗಳಲ್ಲಿ ಹುಟ್ಟಿದ ಬ್ಯಾಲೆಯು ಫ್ರಾನ್ಸಿನಲ್ಲಿ ಬೆಳೆಯಿತು. 1661ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ನೃತ್ಯಕ್ಕಾಗಿ ಒಂದು ರಾಜ ಅಕಾಡೆಮಿಯನ್ನೇ ಸ್ಥಾಪಿಸಿದನು. ಬಲ್ಗೇರಿಯ ದೇಶದ ವಾರ್ನಾ ನಗರದಲ್ಲಿ 1964ರಲ್ಲಿ ಅಂತರರಾಷ್ಟ್ರೀಯ ಬ್ಯಾಲೆ ಸ್ಪರ್ಧೆ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ 1973ರಲ್ಲಿ ಮೊದಲಾದ ಸ್ಪರ್ಧೆಯು 15ರಿಂದ 18 ವರ್ಷದ ಎಳೆಯರಿಗೇ ಮೀಸಲು. ಈ ಲೊಸಾನ್ ಸ್ಪರ್ಧೆಯಲ್ಲಿ ನಾವು ಗಮನಿಸಬೇಕಾದ ಎರಡು ವಿಷಯಗಳಿವೆ. ತೀರ್ಪುಗಾರರು ವೇದಿಕೆಯ ಮೇಲಿನ ನೃತ್ಯವನ್ನಷ್ಟೇ ನೋಡಿ ಅಂಕ ಕೊಡುವುದಿಲ್ಲ. ಸ್ಪರ್ಧಿಗಳು ದಿನನಿತ್ಯದ ಪಾಠದಲ್ಲಿ ಹೇಗೆ ತೊಡಗುತ್ತಾರೆ, ತಿದ್ದಿದುದನ್ನು ಹೇಗೆ ಗ್ರಹಿಸುತ್ತಾರೆ ಎಂಬುದನ್ನೂ ತರಗತಿಯಲ್ಲಿ ಕುಳಿತು ನೋಡುತ್ತಾರೆ. ಗೆದ್ದವರಿಗೆ ದೊರೆಯುವ ಮುಖ್ಯ ಬಹುಮಾನವೂ ಒಳ್ಳೆಯ ನೃತ್ಯಶಾಲೆಯಲ್ಲಿ ಮುಂದೆ ಕಲಿಯಲು ವಿದ್ಯಾರ್ಥಿವೇತನವೇ. ಅಲ್ಲಿ ಕಲಿಕೆಯೇ ಪರೀಕ್ಷೆಯ ವಸ್ತು, ಕಲಿಕೆಯೇ ಅದರ ಫಲ.

ಈಗ ನಮ್ಮ ಪ್ರಶ್ನೆಗೆ ಮರಳೋಣ. ತಿಕೋಟಾದ ಒಬ್ಬ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಅವಳು ಮೂರು ವರ್ಷಗಳಿಂದ ಭರತನಾಟ್ಯವನ್ನು ಕಲಿಯುತ್ತಿದ್ದಾಳೆ. ಗುರುಗಳಿರುವುದು ಸುಮಾರು 20 ಕಿಲೋಮೀಟರು ದೂರದ ವಿಜಯಪುರದಲ್ಲಿ. ಸ್ಪರ್ಧೆಗೆ ಎಂಟು ವಾರಗಳಿವೆ. ವಾರಕ್ಕೆ ಎರಡು ಬಾರಿ ಪಾಠಕ್ಕೆ ಹೋಗಿ ಬಂದರೆ ಒಟ್ಟು ಹದಿನಾರು ಪ್ರಯಾಣ, ಸುಮಾರು 640 ಕಿಲೋಮೀಟರು. 2023ರ ಜೂನ್ ತಿಂಗಳಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ಹಣ ಬೇಡವಾಯಿತು, ನಿಜ; ಆದರೆ ಹೊತ್ತಿಗೆ ಯಾವ ರಿಯಾಯಿತಿಯೂ ಇಲ್ಲ. ಇದರೊಡನೆ ಮನೆಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿದರೆ ಎಂಟು ವಾರಕ್ಕೆ 48 ಗಂಟೆ ಆಗುತ್ತದೆ. ವೇದಿಕೆಯ ಮೇಲೆ ಅವಳಿಗೆ ನಾಲ್ಕು ನಿಮಿಷ ಸಿಗುತ್ತದೆಂದು ಇಟ್ಟುಕೊಳ್ಳೋಣ. ಅಂದರೆ ಒಂದೊಂದು ನಿಮಿಷದ ಹಿಂದೆಯೂ 12 ಗಂಟೆಗಳ ದುಡಿಮೆ. ಹೆಸರು ಕೊಡುವ ಮುನ್ನ ಅವಳು ತನ್ನನ್ನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಬಹುಮಾನ ಬಾರದೆ ಹೋದರೂ ಈ 48 ಗಂಟೆ ನನ್ನದಾಗಿ ಉಳಿಯುವುದೇ? ಉಳಿಯುವುದೆಂದು ಮನಸ್ಸು ಹೇಳಿದರೆ ಸ್ಪರ್ಧೆಗೆ ಹೋಗಲು ಅದೊಂದೇ ಸಾಕಾದ ಕಾರಣ. ಬಹುಮಾನ ಸಿಕ್ಕರೆ ಮಾತ್ರ ಸಾರ್ಥಕ, ಇಲ್ಲವಾದರೆ ಎಲ್ಲವೂ ನಷ್ಟವೆಂದು ತೋರಿದರೆ ಹೋಗದಿರುವುದೇ ಲೇಸು. ಏಕೆಂದರೆ ಬಹುಮಾನವು ನಮ್ಮ ಕೈಯಲ್ಲಿಲ್ಲ, ಬೇರೆಯವರ ಕೈಯಲ್ಲಿದೆ.

ಎರಡನೆಯ ಪ್ರಶ್ನೆ ಕಲಿಕೆಯ ಪಕ್ವತೆಯದು. ಇದಕ್ಕೆ ಉತ್ತರ ಕೊಡಬೇಕಾದವರು ಗುರುಗಳು. ಅವರು "ಈ ವರ್ಷ ಬೇಡ" ಎಂದರೆ ಅದು ಅವಮಾನವಲ್ಲ. ಅರೆಮಂಡಿಯಲ್ಲಿ ನಿಂತು ಮೂರು ಕಾಲಗಳಲ್ಲಿಯೂ ಅಡವುಗಳನ್ನು ಬಿಡುವಿಲ್ಲದೆ ಮಾಡಲಾರದ ಶಿಷ್ಯೆಯನ್ನು ವೇದಿಕೆಗೆ ಏರಿಸಿದರೆ ಹೊರಗಿನ ಅಲಂಕಾರ ಮಾತ್ರ ಕಾಣುತ್ತದೆ, ಒಳಗಿನ ಕೊರತೆ ಹಾಗೆಯೇ ಉಳಿಯುತ್ತದೆ. ಮೂರನೆಯದು ಪಾಠಪ್ರವಚನಗಳ ಪ್ರಶ್ನೆ. ಅರ್ಧವಾರ್ಷಿಕ ಪರೀಕ್ಷೆಯೂ ಸ್ಪರ್ಧೆಯೂ ಎಷ್ಟೋ ವೇಳೆ ಒಂದೇ ಕಾಲಕ್ಕೆ ಬರುತ್ತವೆ. ಎರಡನ್ನೂ ನಿಭಾಯಿಸಲು ಸಾಧ್ಯವೇ ಎಂಬುದನ್ನು ಉತ್ಸಾಹದಿಂದಲ್ಲ, ಕಾಗದದ ಮೇಲೆ ದಿನಚರಿ ಬರೆದು ನೋಡಬೇಕು. ನಾಲ್ಕನೆಯದು ಖರ್ಚಿನದು. ವೇಷಭೂಷಣ, ಒಡವೆ, ಪ್ರಸಾಧನ ಇವುಗಳಿಗಾಗಿ ಸಾಲ ಮಾಡುವ ತಂದೆತಾಯಿಗಳಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ನೆನಪಿರಬೇಕು. ಶುಚಿಯಾದ ಅಭ್ಯಾಸದ ಸೀರೆ, ಗಟ್ಟಿಯಾದ ಗೆಜ್ಜೆ, ಬಾಡಿಗೆಗೆ ತಂದ ಸರಳ ಒಡವೆ ಇಷ್ಟಿದ್ದರೂ ಒಳ್ಳೆಯ ನೃತ್ಯ ಕಳೆಗುಂದುವುದಿಲ್ಲ.

ಹತ್ತಿರದಲ್ಲಿ ಗುರುಗಳೇ ಇಲ್ಲದಿದ್ದರೆ ಏನು ಮಾಡಬೇಕು? ಬಬಲೇಶ್ವರದ ಹಳ್ಳಿಯೊಂದರ ಹುಡುಗನಿಗೆ ಭರತನಾಟ್ಯ ಕಲಿಸುವವರು ಸಿಗದೆ ಹೋಗಬಹುದು. ಮೊಬೈಲಿನ ಪರದೆಯಲ್ಲಿ ಯಾರೋ ಕುಣಿದುದನ್ನು ನೋಡಿ ಎಂಟು ವಾರಗಳಲ್ಲಿ ಶಾಸ್ತ್ರೀಯ ನೃತ್ಯವನ್ನು ಕಲಿಯುವೆನೆಂಬುದು ಭ್ರಮೆ. ಪರದೆಯು ತೋರಿಸುತ್ತದೆ, ಆದರೆ ತಿದ್ದುವುದಿಲ್ಲ. ಅಂಥ ಕಡೆ ಊರಿನ ಹಿರಿಯರನ್ನು ಆಶ್ರಯಿಸುವುದು ಜಾಣತನ. ಹೆಜ್ಜೆಮೇಳದಲ್ಲಿಯೋ ಕೋಲಾಟದಲ್ಲಿಯೋ ಕಾಲ ಸವೆಸಿದ ಒಬ್ಬ ಮುದುಕನು ಅದೇ ಓಣಿಯಲ್ಲಿರಬಹುದು. ಅವನಿಂದ ಕಲಿತು, ತರಗತಿಯ ಗೆಳೆಯರೆಲ್ಲ ಕೂಡಿ ಜನಪದ ನೃತ್ಯದ ವಿಭಾಗಕ್ಕೆ ಹೆಸರು ಕೊಟ್ಟರೆ ಖರ್ಚು ಕಡಿಮೆ, ಕಲಿಕೆ ಸಾಚಾ. ಅಲ್ಲದೆ ಆ ಮುದುಕನ ಕಾಲಾನಂತರ ಅವನೊಡನೆ ಅಳಿದುಹೋಗಬಹುದಾಗಿದ್ದ ಕೆಲವು ಹೆಜ್ಜೆಗಳು ಹೊಸ ಕಾಲುಗಳಿಗೆ ದಾಟುತ್ತವೆ. ಕುಣಿತ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಹುಡುಗರು ಹಿಂಜರಿಯಬೇಕಾಗಿಲ್ಲ. ಭರತನಾಟ್ಯದ ಕಛೇರಿಗೆ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನಗಳ ಕ್ರಮವನ್ನು ರೂಪಿಸಿಕೊಟ್ಟವರು ತಂಜಾವೂರಿನ ನಾಲ್ವರು ಸೋದರರು. ಅವರಲ್ಲಿ ಹಿರಿಯನಾದ ಚಿನ್ನಯ್ಯನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂದು ಆಸ್ಥಾನದ ಆಶ್ರಯ ಪಡೆದನು. ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲರು ಭಾರತೀಯ ನೃತ್ಯವನ್ನು ಯೂರೋಪು ಅಮೆರಿಕಗಳ ವೇದಿಕೆಗಳ ಮೇಲೆ ಪ್ರದರ್ಶಿಸಿ ಹೆಸರಾದರು.

ಇನ್ನು ಕಲಿಯುವವರ ಕುಲ, ನೆಲೆಗಳ ಮಾತು. ಮೈಸೂರು ಶೈಲಿಯ ಭರತನಾಟ್ಯಕ್ಕೆ ಕೀರ್ತಿ ತಂದ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದರು. ಎಂಟು ವರ್ಷದ ಬಾಲಕಿಯಾಗಿದ್ದಾಗಲೇ ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. ಹೆಜ್ಜೆಗಳನ್ನಷ್ಟೇ ಕಲಿತು ನಿಲ್ಲದೆ, ಆಸ್ಥಾನ ವಿದ್ವಾಂಸರಲ್ಲಿ ಸಂಸ್ಕೃತವನ್ನೂ ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದರು. ಅಭಿನಯಿಸುವ ಪದದ ಅರ್ಥ ತಿಳಿಯದಿದ್ದರೆ ಮುಖದಲ್ಲಿ ಭಾವ ಮೂಡುವುದಾದರೂ ಹೇಗೆ? ಮುಂದೆ ಅವರು ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವನ್ನು ಬೋಧಿಸಿದರು, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದರು. 2002ರಲ್ಲಿ ತೀರಿಕೊಳ್ಳುವ ವೇಳೆಗೆ ಅವರ ಶಿಷ್ಯರು ನಾಡಿನಾದ್ಯಂತ ಹರಡಿದ್ದರು. ನಮ್ಮ ಜಿಲ್ಲೆಯ ತಾಂಡಾಗಳ ಮಕ್ಕಳು ಈ ಹೆಸರನ್ನು ಅವಶ್ಯವಾಗಿ ತಿಳಿದಿರಬೇಕು.

ಮರ್ಯಾದಸ್ಥರ ಮಕ್ಕಳು ಕುಣಿಯಬಾರದೆಂಬ ಕಟ್ಟಳೆಯಿದ್ದ ಕಾಲವೂ ಒಂದಿತ್ತು. ಕಲೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳನ್ನು ಸಮಾಜವು ಶೋಷಣೆಗೆ ಗುರಿಮಾಡಿ, ಅನಂತರ ಆ ಕಲೆಯನ್ನೇ ಹೀನವೆಂದು ಕರೆಯಿತು. ರಷ್ಯದ ಹೆಸರಾಂತ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರ ಪರಿಚಯವಾಗಿ ರುಕ್ಮಿಣೀದೇವಿ ಅರುಂಡೇಲರು ಮೊದಲು ಬ್ಯಾಲೆಯನ್ನು ಕಲಿಯತೊಡಗಿದರು. ನಿಮ್ಮ ದೇಶದ ನೃತ್ಯದ ಕಡೆಗೆ ನೋಡಿರೆಂದು ಪಾವ್ಲೋವಾ ಅವರೇ ಪ್ರೇರೇಪಿಸಿದರು. 1935ರಲ್ಲಿ ರುಕ್ಮಿಣೀದೇವಿಯವರು ಮದರಾಸಿನ ಅಡಯಾರಿನಲ್ಲಿ ನರ್ತಿಸಿದರು, ಮರುವರ್ಷ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಇಂದು ಯಾವ ಮನೆಯ ಮಗುವಾದರೂ ಗೆಜ್ಜೆ ಕಟ್ಟಬಹುದಾದ ಸ್ಥಿತಿ ಬಂದುದು ಇಂಥ ಹಲವರ ಧೈರ್ಯದಿಂದ. ಆ ಸ್ವಾತಂತ್ರ್ಯವನ್ನು ಒಂದು ಪದಕದ ಆಸೆಗೆ ಕಿರಿದುಗೊಳಿಸಬಾರದು.

ಎಲ್ಲವನ್ನೂ ವಿಚಾರಿಸಿ ಹೆಸರು ಕೊಟ್ಟ ಮೇಲೆ ಸಿದ್ಧತೆ ಆರಂಭವಾಗುತ್ತದೆ. ಮೊದಲನೆಯದು ನೃತ್ಯದ ಆಯ್ಕೆ. ಕಷ್ಟವಾದುದನ್ನು ಆರಿಸಿದರೆ ತೀರ್ಪುಗಾರರು ಮೆಚ್ಚುವರೆಂಬ ಎಣಿಕೆ ತಪ್ಪು. ದೀರ್ಘವಾದ ವರ್ಣವನ್ನು ತುಂಡರಿಸಿ ಅರೆಬರೆಯಾಗಿ ಮಾಡುವುದಕ್ಕಿಂತ ಒಂದು ಚಿಕ್ಕ ಜತಿಸ್ವರವನ್ನೋ ದೇವರನಾಮವನ್ನೋ ಅಚ್ಚುಕಟ್ಟಾಗಿ ಮಾಡುವುದು ಮೇಲು. ಕಾಲಮಿತಿಗೆ ಹೊಂದಿಸಲು ಸ್ವಲ್ಪ ಗಣಿತವೂ ಬೇಕು. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ. ನಿಮಿಷಕ್ಕೆ 60 ಎಣಿಕೆಯ ಲಯದಲ್ಲಿ ನಾಲ್ಕು ನಿಮಿಷಕ್ಕೆ 240 ಎಣಿಕೆ, ಎಂದರೆ 30 ಆವರ್ತ. ಲಯವನ್ನು 80ಕ್ಕೆ ಏರಿಸಿದರೆ ಅದೇ ಅವಧಿಯಲ್ಲಿ 40 ಆವರ್ತಗಳಾಗುತ್ತವೆ. ಗುರುಗಳು ಈ ಲೆಕ್ಕದ ಮೇಲೆ ನೃತ್ಯವನ್ನು ಆವರ್ತದ ಕೊನೆಗೆ ಮುಗಿಯುವಂತೆ ಹೊಂದಿಸುತ್ತಾರೆ. ನಡುವೆ ಎಲ್ಲಿಯೋ ಕತ್ತರಿಸಿದ ಹಾಡಿಗೆ ಮಾಡಿದ ನೃತ್ಯವು ಅರ್ಧಕ್ಕೆ ನಿಂತ ವಾಕ್ಯದಂತೆ ತೋರುತ್ತದೆ.

ಎರಡನೆಯದು ದೇಹದ ಸಿದ್ಧತೆ. ಬ್ಯಾಲೆಯ ನರ್ತಕಿಯು ಬೆರಳ ತುದಿಯ ಮೇಲೆ ನಿಂತು ನೆಲದಿಂದ ಮೇಲಕ್ಕೆ ಏರಲು ಬಯಸುತ್ತಾಳೆ. ಭರತನಾಟ್ಯದವಳು ಮಂಡಿ ಬಾಗಿಸಿ ನೆಲವನ್ನೇ ತಟ್ಟುತ್ತಾಳೆ. ನೋಟಕ್ಕೆ ಎರಡೂ ಬೇರೆಯಾದರೂ ಎರಡರಲ್ಲಿಯೂ ಕಾಲನ್ನು ಹೊರಮುಖವಾಗಿ ತಿರುಗಿಸಬೇಕು. ಈ ತಿರುವು ಸೊಂಟದ ಕೀಲಿನಿಂದ ಬರಬೇಕೇ ಹೊರತು ಮಂಡಿಯಿಂದಲ್ಲ. ಅರೆಮಂಡಿಯಲ್ಲಿ ಮಂಡಿಯೂ ಪಾದದ ಬೆರಳೂ ಒಂದೇ ದಿಕ್ಕಿಗಿರಬೇಕು. ಪಾದವನ್ನು ಬಲವಂತದಿಂದ ತಿರುಗಿಸಿ ಮಂಡಿಯನ್ನು ಒಳಕ್ಕೆ ಬಿಟ್ಟರೆ ಕೀಲಿಗೆ ಪೆಟ್ಟಾಗುತ್ತದೆ. ಅಭ್ಯಾಸಕ್ಕೆ ಮುನ್ನ ಹತ್ತು ನಿಮಿಷ ಮೈಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಹೊಸದಾಗಿ ದುಡಿಸಿದ ತೊಡೆಯ ಸ್ನಾಯುಗಳಲ್ಲಿ ಒಂದೆರಡು ದಿನ ನೋವಿರುವುದು ಸಹಜ. ಆದರೆ ಮಂಡಿಯಲ್ಲಿಯೋ ಹರಡಿನಲ್ಲಿಯೋ ಚುಚ್ಚಿದಂತೆ ನೋವಾಗಿ ಬಾವು ಬಂದರೆ ಮುಚ್ಚಿಡದೆ ಹಿರಿಯರಿಗೆ ಹೇಳಿ ವೈದ್ಯರನ್ನು ಕಾಣಬೇಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮಲ್ಲೊಂದು ಗಾದೆಯಿದೆ. ತನ್ನ ಕೊರತೆಗೆ ನೆಪ ಹುಡುಕುವವರನ್ನು ಕುರಿತು ಹೇಳಿದ ಮಾತದು, ಅದರ ಸತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ನರ್ತಕರ ಮಟ್ಟಿಗೆ ನೆಲವು ಅಲಕ್ಷಿಸುವ ವಸ್ತುವಲ್ಲ. ಸಿಮೆಂಟಿನ ನೆಲವೂ ಕಲ್ಲಿನ ಹಾಸೂ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ. ತಟ್ಟಿದ ಬಲವೆಲ್ಲ ಹಿಮ್ಮಡಿಗೂ ಮೊಣಕಾಲಿಗೂ ಮರಳುತ್ತದೆ. ಮರದ ಹಲಗೆಯ ನೆಲ ಅಥವಾ ಹದವಾಗಿ ಬಡಿದು ಸಾರಿಸಿದ ಮಣ್ಣಿನ ನೆಲ ಕಾಲಿಗೆ ಹಿತ. ಕಲ್ಲುನೆಲವೇ ಗತಿಯಾದರೆ ಒಂದೇ ಸಮನೆ ತಟ್ಟದೆ, ಮಧ್ಯೆ ಮಧ್ಯೆ ಕುಳಿತು ತಾಳ ಹಾಕುತ್ತ ಕೈ, ಕಣ್ಣುಗಳ ಅಭ್ಯಾಸ ಮಾಡಬೇಕು. ಅಭಿನಯದರ್ಪಣವು ಹೇಳುವ 28 ಒಂಟಿಕೈ ಮುದ್ರೆಗಳನ್ನು ಅಭ್ಯಾಸ ಮಾಡಲು ನೆಲವೇ ಬೇಕಾಗಿಲ್ಲ. ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲಿಯೇ ಮಾಡಬಹುದು. ಆಹಾರದಲ್ಲಿಯೂ ಆಡಂಬರ ಬೇಡ. ಮೈ ಸಣ್ಣಗೆ ಕಾಣಬೇಕೆಂದು ಉಪವಾಸ ಬೀಳುವುದು ಬೆಳೆಯುವ ವಯಸ್ಸಿನವರಿಗೆ ಕೇಡು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇವು ನರ್ತಕಿಗೂ ಸಾಕಾದ ಊಟವೇ. ನಮ್ಮ ಸೀಮೆಯ ಬಿಸಿಲಿಗೆ ನೀರು ಮಾತ್ರ ಸಾಕಷ್ಟು ಕುಡಿಯಬೇಕು, ನಿದ್ರೆಯನ್ನು ಕದಿಯಬಾರದು.

ಮೂರನೆಯದು ಸ್ಪರ್ಧೆಯ ದಿನದ ಸಿದ್ಧತೆ. ಇಲ್ಲಿ ಮತ್ತೆ ಭರತನೇ ನಮಗೆ ನೆರವಾಗುತ್ತಾನೆ. ಪ್ರಯೋಗಕ್ಕೆ ಬರುವ ಭಂಗಗಳನ್ನು ಅವನು ಘಾತಗಳೆಂದು ಕರೆದು, ಅವು ತನ್ನಿಂದ ಬರುವಂಥವು, ಪರರಿಂದ ಬರುವಂಥವು, ದೈವದಿಂದ ಬರುವಂಥವು ಎಂದು ವಿಂಗಡಿಸುತ್ತಾನೆ. ಮಾತು ಮರೆಯುವುದು, ಒಡವೆ ಜಾರುವುದು ಮೊದಲಾದವು ತನ್ನಿಂದ ಬಂದವು. ಸಭೆಯಲ್ಲಿ ಕೂಗಾಡುವುದು ಪರರಿಂದ ಬಂದದ್ದು. ಗಾಳಿ, ಮಳೆ, ಬೆಂಕಿ, ಕೀಟ ಇವು ದೈವದಿಂದ ಬಂದವು. ಈ ವಿಂಗಡಣೆಯನ್ನು ವಿದ್ಯಾರ್ಥಿಗಳು ಒಂದು ಕಾಗದದ ಮೇಲೆ ಮೂರು ಸಾಲುಗಳಾಗಿ ಬರೆದುಕೊಂಡರೆ ಸಿದ್ಧತೆ ಸುಲಭವಾಗುತ್ತದೆ.

ತನ್ನಿಂದ ಬರುವ ಭಂಗಗಳನ್ನು ಪೂರ್ತಿಯಾಗಿ ತಡೆಯಬಹುದು. ಗೆಜ್ಜೆಯ ದಾರ ಸವೆದಿದೆಯೇ ಎಂದು ವಾರ ಮೊದಲೇ ನೋಡಬೇಕು. ಹೊಸ ಉಡುಪನ್ನು ಸ್ಪರ್ಧೆಯ ದಿನವೇ ಮೊದಲ ಬಾರಿ ಉಡಬಾರದು; ಅದನ್ನುಟ್ಟು ಎರಡು ಮೂರು ಬಾರಿಯಾದರೂ ಪೂರ್ಣ ನೃತ್ಯ ಮಾಡಿರಬೇಕು. ಕನ್ನಡಿಯ ಎದುರು ಅಭ್ಯಾಸ ಮಾಡಿದವರು ಕೊನೆಯ ದಿನಗಳಲ್ಲಿ ಕನ್ನಡಿಗೆ ಬೆನ್ನು ತಿರುಗಿಸಬೇಕು, ಏಕೆಂದರೆ ವೇದಿಕೆಯಲ್ಲಿ ಕನ್ನಡಿಯಿಲ್ಲ. ತರಗತಿಯ ಗೆಳೆಯರನ್ನೋ ಓಣಿಯ ಹೆಂಗಸರನ್ನೋ ಕೂಡಿಸಿ ಅವರೆದುರು ಮಾಡಿ ತೋರಿಸಿದರೆ ಸಭಾಕಂಪನ ತಗ್ಗುತ್ತದೆ. ನಡುವೆ ಹೆಜ್ಜೆ ತಪ್ಪಿದರೆ ನಿಲ್ಲದೆ ಮುಂದಿನ ಆವರ್ತದಲ್ಲಿ ಸೇರಿಕೊಳ್ಳುವುದನ್ನೂ ಅಭ್ಯಾಸ ಮಾಡಿರಬೇಕು. ಇದು ಕಲಿಕೆಯ ಒಂದು ಭಾಗವೇ.

ಪರರಿಂದ ಬರುವ ಭಂಗಗಳನ್ನು ಮುಂದಾಲೋಚನೆಯಿಂದ ತಗ್ಗಿಸಬಹುದು. ಧ್ವನಿಮುದ್ರಿತ ಸಂಗೀತಕ್ಕೆ ನರ್ತಿಸುವವರು ಅದರ ಎರಡು ಪ್ರತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿರಬೇಕು. ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಂಥ ದೊಡ್ಡ ವೇದಿಕೆ ಬೇರೆ, ಶಾಲೆಯ ಅಂಗಳದಲ್ಲಿ ಹಾಕಿದ ಚಪ್ಪರ ಬೇರೆ. ಸಾಧ್ಯವಾದರೆ ಬೇಗನೆ ಹೋಗಿ ವೇದಿಕೆಯ ಅಳತೆಯನ್ನು ಹೆಜ್ಜೆಯಿಂದಲೇ ಅಳೆದು ನೋಡಬೇಕು. ದೈವದಿಂದ ಬರುವುದು ಮೂರನೆಯದು. ವಿದ್ಯುತ್ತು ಹೋಗಬಹುದು, ಮಳೆ ಬರಬಹುದು. ಆಗ ಮಣೆಯ ಮೇಲೆ ಕೋಲು ತಟ್ಟಿ ಜತಿ ಹೇಳಬಲ್ಲ ಒಬ್ಬ ಸಹಪಾಠಿ ಜೊತೆಗಿದ್ದರೆ ನೃತ್ಯ ನಿಲ್ಲುವುದಿಲ್ಲ. ಅದೂ ಆಗದಿದ್ದರೆ ತಾಳ್ಮೆಯೇ ಉಪಾಯ. ತನ್ನಿಂದ ಬಂದ ತಪ್ಪನ್ನು ದೈವದ ಸಾಲಿಗೂ, ದೈವದಿಂದ ಬಂದ ತೊಂದರೆಯನ್ನು ತನ್ನ ಸಾಲಿಗೂ ಸೇರಿಸದಿರುವುದು ವಿವೇಕ. ಮೊದಲನೆಯದರಿಂದ ಕಲಿಕೆ ನಿಲ್ಲುತ್ತದೆ, ಎರಡನೆಯದರಿಂದ ಮನಸ್ಸು ಕುಗ್ಗುತ್ತದೆ.

ಫಲಿತಾಂಶದ ಮಾತು ಉಳಿಯಿತು. ಗೆದ್ದವರು ಹಿಗ್ಗುವುದು ಸಹಜ. ಸೋತವರು ಕಣ್ಣೀರು ಹಾಕಿದರೂ ತಪ್ಪಲ್ಲ. ಮರುದಿನ ಇಬ್ಬರೂ ಮಾಡಬೇಕಾದ ಕೆಲಸ ಒಂದೇ: ಗುರುಗಳ ಮುಂದೆ ಕುಳಿತು ಯಾವುದು ಸರಿಯಾಯಿತು, ಯಾವುದು ಆಗಲಿಲ್ಲವೆಂದು ಕೇಳಿ ತಿಳಿದು, ಮತ್ತೆ ಅರೆಮಂಡಿಯಲ್ಲಿ ನಿಲ್ಲುವುದು. ಪೂರ್ತಿ ಗುಣಹೀನವಾದ ಪ್ರಯೋಗವೂ ಇಲ್ಲ, ಪೂರ್ತಿ ದೋಷರಹಿತವಾದ ಪ್ರಯೋಗವೂ ಇಲ್ಲ. ಆದುದರಿಂದ ಸಣ್ಣ ದೋಷಗಳನ್ನು ದೊಡ್ಡದು ಮಾಡಬಾರದು ಎಂಬ ಅಭಿಪ್ರಾಯ ನಾಟ್ಯಶಾಸ್ತ್ರದ ಆ ಅಧ್ಯಾಯದಲ್ಲಿಯೇ ಬರುತ್ತದೆ. ಹಾಗೆಂದು ನಟನು ಅಲಕ್ಷ್ಯ ಮಾಡಬಾರದೆಂಬ ಎಚ್ಚರಿಕೆಯೂ ಜೊತೆಗೆ ಇದೆ. ತೀರ್ಪುಗಾರರು ಕಂಡದ್ದು ನಾಲ್ಕು ನಿಮಿಷ. ಅವರು ಆ ನಾಲ್ಕು ನಿಮಿಷವನ್ನು ಕುರಿತು ಮಾತ್ರ ಹೇಳಬಲ್ಲರು. ಉಳಿದ 48 ಗಂಟೆಗಳನ್ನು ಕಂಡವರು ಕಲಿತವಳು, ಕಲಿಸಿದವರು ಮತ್ತು ಮನೆಯವರು.

ಆದುದರಿಂದ ವಿದ್ಯಾರ್ಥಿಗಳು ಸ್ಪರ್ಧೆಗೆ ಅಂಜಲೂ ಬೇಡ, ಅದಕ್ಕೆ ಮರುಳಾಗಲೂ ಬೇಡ. ಈ ವರ್ಷ ಬೇಡವೆಂದು ತಿಳಿದು ನಿರ್ಧರಿಸಿದವರೂ ಮುಂದಿನ ವರ್ಷಕ್ಕೆ ಸಿದ್ಧರಾಗುತ್ತಿರುವವರೇ. ಹೋಗುವೆನೆಂದು ನಿರ್ಧರಿಸಿದವರು ದುಡಿಮೆಗೆ ಕೊರತೆ ಮಾಡದಿರಲಿ. ಎಂಟು ವಾರ ದಿನವೂ ಒಂದೇ ಹೊತ್ತಿಗೆ ಗೆಜ್ಜೆ ಕಟ್ಟಿ ನಿಲ್ಲುವ ಶಿಸ್ತು, ತಿದ್ದಿಸಿಕೊಳ್ಳುವ ವಿನಯ, ತಪ್ಪಿದ ಹೆಜ್ಜೆಯನ್ನು ಮತ್ತೆ ಹಿಡಿಯುವ ಧೈರ್ಯ ಇವು ಒಮ್ಮೆ ಮೈಗೂಡಿದರೆ ಓದಿನಲ್ಲಿಯೂ ಬಾಳಿನಲ್ಲಿಯೂ ನೆರವಾಗುತ್ತವೆ. ಪ್ರಶಸ್ತಿಪತ್ರವು ಗೋಡೆಯ ಮೇಲೆ ಮಾಸಬಹುದು. ದೇಹವು ಕಲಿತ ತಾಳ ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ.

ಅಭ್ಯಾಸ

1. ಸ್ಪರ್ಧೆಗೆ ಹೆಸರು ಕೊಡುವ ಮುನ್ನ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು ಯಾವುವು?
2. ಪ್ರಾಶ್ನಿಕರಲ್ಲಿ ಬಿಲ್ಲುವಿದ್ಯೆ ಬಲ್ಲವನಿಗೆ ಸ್ಥಾನವಿರುವುದೇಕೆ?
3. ಲೊಸಾನ್ ನಗರದ ಸ್ಪರ್ಧೆಯಿಂದ ನಾವು ತಿಳಿಯಬೇಕಾದ ಎರಡು ವಿಷಯಗಳನ್ನು ವಿವರಿಸಿರಿ.
4. 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.' ಈ ಗಾದೆಯನ್ನು ಲೇಖಕರು ಯಾವ ಎರಡು ದೃಷ್ಟಿಗಳಿಂದ ನೋಡಿದ್ದಾರೆ?
5. ನಿಮಿಷಕ್ಕೆ 70 ಎಣಿಕೆಯ ಲಯದಲ್ಲಿ ನಾಲ್ಕು ನಿಮಿಷಕ್ಕೆ ಆದಿತಾಳದ ಎಷ್ಟು ಆವರ್ತಗಳಾಗುತ್ತವೆ? ಲೆಕ್ಕ ಮಾಡಿರಿ.
6. ನಿಮ್ಮ ಊರಿನ ಒಂದು ಕುಣಿತದ ವಿಷಯವನ್ನು ಹಿರಿಯರಿಂದ ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ.